ತೇಗದ ಎಲೆ ಜಾಲರಿಯಾಗಿದೆಯೇ? ಮೊದಲು ಹುಳುವನ್ನು ಗುರುತಿಸಿ

ಬದುವಿನ ಮೇಲೆ ತೇಗ ಬೆಳೆಸಿರುವ ರೈತ ಬಾಂಧವರೇ, ಮಳೆಗಾಲ ಕಳೆಯುತ್ತಿದ್ದಂತೆ ಮರದ ಎಲೆಗಳೆಲ್ಲ ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗುವುದನ್ನು ನೀವು ಕಂಡಿರಬಹುದು. ಮರ ಒಣಗಿತೆಂದು ಕೊಡಲಿ ಎತ್ತುವ ಮೊದಲು ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ನರಗಳೆಲ್ಲ ಉಳಿದು, ನಡುವಿನ ಹಸಿರು ಮಾತ್ರ ಮಾಯವಾಗಿದ್ದರೆ ಅದು ಎಲೆ ಜಾಲರಿ ಹುಳುವಿನ ಕೆಲಸ. ಇದರ ಶಾಸ್ತ್ರೀಯ ಹೆಸರು ಯುಟೆಕ್ಟೋನಾ ಮ್ಯಾಕೆರಾಲಿಸ್.

ಇದರ ಪತಂಗ ಚಿಕ್ಕದು. ರೆಕ್ಕೆ ಬಿಚ್ಚಿದಾಗ ಸುಮಾರು 2ರಿಂದ 2.5 ಸೆಂ.ಮೀ. ಅಗಲವಿರುತ್ತದೆ. ಹಳದಿ ಬಣ್ಣದ ಮುಂದಿನ ರೆಕ್ಕೆಗಳ ಮೇಲೆ ಕೆಂಪು ಛಾಯೆಯ ಅಂಕುಡೊಂಕು ಗೆರೆಗಳಿರುತ್ತವೆ. ಮರಿಹುಳು ಎಲೆಯ ಮೇಲೆ ತೆಳುವಾದ ನೂಲಿನ ಬಲೆ ಕಟ್ಟಿ, ಅದರ ಮರೆಯಲ್ಲಿ ಮೇಯುತ್ತದೆ.

ತೇಗಕ್ಕೆ ಇನ್ನೊಂದು ಶತ್ರುವಿದೆ. ಅದು ಎಲೆ ತಿನ್ನುವ ಹುಳು, ಹೈಬ್ಲಿಯಾ ಪ್ಯೂರಾ. ಇದರ ಪತಂಗ ದೊಡ್ಡದು, 3ರಿಂದ 4 ಸೆಂ.ಮೀ. ಮುಂದಿನ ರೆಕ್ಕೆ ಬೂದುಗಂದು; ಹಿಂದಿನ ರೆಕ್ಕೆ ಕಪ್ಪು, ಅದರಲ್ಲಿ ಕಿತ್ತಳೆ ಪಟ್ಟೆಗಳು. ಮುಂಗಾರಿನ ಮೊದಲ ಮಳೆಗೆ ಎಳೆ ಚಿಗುರು ಬಂದಾಗ ಇದು ಏಕಾಏಕಿ ಕಾಣಿಸಿಕೊಳ್ಳುತ್ತದೆ. ಬೆಳೆದ ಮರಿಹುಳು ಎಲೆಯ ಅಂಚನ್ನು ಕತ್ತರಿಸಿ ಮಡಚಿ ಒಳಗೆ ಅಡಗುತ್ತದೆ; ದಪ್ಪ ನರಗಳನ್ನು ಬಿಟ್ಟು ಎಲೆಯನ್ನೆಲ್ಲ ತಿನ್ನುತ್ತದೆ. ಅನಂತರ ನೂಲಿನಲ್ಲಿ ಜೋತುಬಿದ್ದು ಕೆಳಗಿಳಿದು ತರಗೆಲೆಯ ನಡುವೆ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಮೂರು ವಾರ ಸಾಕು.

ಎರಡರಲ್ಲಿ ಯಾವುದು ಹೆಚ್ಚು ಹಾನಿಕರ? ಎಲೆ ತಿನ್ನುವ ಹುಳುವೇ. ಮರ ಭರದಿಂದ ಬೆಳೆಯಬೇಕಾದ ಕಾಲದಲ್ಲಿ ಅದು ಎಲೆಯನ್ನು ಕಸಿಯುತ್ತದೆ. 1985ರಲ್ಲಿ ಪ್ರಕಟವಾದ ಕೇರಳದ ನಿಲಂಬೂರಿನ ಅಧ್ಯಯನದಲ್ಲಿ, ಎಳೆಯ ನೆಡುತೋಪುಗಳು ಇದರಿಂದ ಮರದ ಗಾತ್ರದ ಬೆಳವಣಿಗೆಯಲ್ಲಿ ಶೇಕಡ 44ರಷ್ಟನ್ನು ಕಳೆದುಕೊಂಡಿದ್ದವು. ಜಾಲರಿ ಹುಳುವಾದರೋ ಬಹುಮಟ್ಟಿಗೆ ಎಲೆ ಉದುರುವ ಕಾಲ ಹತ್ತಿರವಾದಾಗ ಬರುತ್ತದೆ. ಹೇಗೂ ಉದುರಲಿರುವ ಎಲೆಗೆ ಔಷಧಿ ಸಿಂಪಡಿಸಿದರೆ ಹಣ ದಂಡ.

ಎರಡೂ ಹುಳುಗಳಿಂದ ಬೆಳೆದ ಮರ ಸಾಮಾನ್ಯವಾಗಿ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಎಳೆಯ ಗಿಡಗಳಲ್ಲಿ ಮುಂಗಾರಿನ ಆರಂಭದಿಂದಲೇ ಎಲೆಗಳನ್ನು ಪರೀಕ್ಷಿಸಿ, ಮಡಚಿದ ಎಲೆಗಳನ್ನು ಹುಳುಸಮೇತ ಕಿತ್ತು ನಾಶಮಾಡಿ. ಮೆತ್ತಗಾಗಿ ಕರಗಿದಂತೆ ಜೋತುಬಿದ್ದ ಸತ್ತ ಹುಳುಗಳು ಕಂಡರೆ ಅವನ್ನು ಹಾಗೆಯೇ ಬಿಡಿ. ಅವು ನಂಜಾಣು ರೋಗದಿಂದ ಸತ್ತಿರಬಹುದು. ಆ ರೋಗ ಉಳಿದ ಹುಳುಗಳಿಗೂ ಹರಡುತ್ತದೆ. ಹಕ್ಕಿ, ಇರುವೆ, ಪರತಂತ್ರ ಕಣಜಗಳೂ ನಿಮ್ಮ ಪರವಾಗಿ ದುಡಿಯುತ್ತವೆ. ವಿಷ ಸಿಂಪಡಿಸಿ ಈ ಮಿತ್ರರನ್ನು ಕಳೆದುಕೊಳ್ಳಬೇಡಿ.