ಕದಿರು ಮತ್ತು ಕಾವು

ಗಾಯವಾದ ಕಡೆ ಹೊಸ ಚರ್ಮವು ಬೆಳೆಯುವುದು. ಕೂಸು ದಿನದಿನಕ್ಕೆ ದೊಡ್ಡದಾಗುವುದು. ಇವೆರಡಕ್ಕೂ ಮೂಲವೊಂದೇ: ಕಣ್ಣಿಗೆ ಕಾಣದಷ್ಟು ಸಣ್ಣದಾದ ಜೀವಕೋಶವು ಒಡೆದು ಎರಡಾಗುವುದು. ಆಗ ಅದರೊಳಗಣ ವರ್ಣತಂತುಗಳು, ಎಂದರೆ ತಂದೆತಾಯಿಗಳ ಗುಣಗಳನ್ನು ಹೊತ್ತಿರುವ ತಂತುಗಳು, ಸರಿಪಾಲಾಗಿ ಹಂಚಿಕೆಯಾಗಬೇಕು. ಮನುಷ್ಯನ ಕೋಶದಲ್ಲಿ ಇವುಗಳ ಸಂಖ್ಯೆ 46. ಅಣ್ಣತಮ್ಮಂದಿರ ಪಾಲಿನಲ್ಲಿ ಹೆಚ್ಚುಕಡಮೆಯಾದರೆ ನ್ಯಾಯಸ್ಥಾನವುಂಟು. ಇಲ್ಲಿ ಒಂದು ತಂತು ಆಚೀಚೆಯಾದರೆ ಮೊರೆಯಿಡುವುದಕ್ಕೆ ಸ್ಥಳವಿಲ್ಲ.

ಈ ಹಂಚಿಕೆಯನ್ನು ನಡೆಸುವ ಸಾಧನವು ನಡುವೆ ದಪ್ಪವಾಗಿ, ತುದಿಗಳಲ್ಲಿ ಚೂಪಾಗಿ, ನೂಲು ಸುತ್ತಿದ ಕದಿರಿನಂತಿರುವುದು. ಆದುದರಿಂದಲೇ ಅದಕ್ಕೆ ಕದಿರೆಂದೂ ಅದರ ನಾರುಗಳಿಗೆ ಕದಿರೆಳೆಗಳೆಂದೂ ಹೆಸರು. (ಸಂಸ್ಕೃತದಲ್ಲಿ ಕದಿರಿಗೆ ತರ್ಕು ಎನ್ನುವರು. ನೂಲುವುದೆಂಬ ಅರ್ಥದ ಕೃತ್ ಧಾತುವಿನ ಆದ್ಯಂತಗಳು ಅದಲುಬದಲಾಗಿ ಈ ಶಬ್ದವಾಯಿತೆಂಬುದು ಯಾಸ್ಕಾಚಾರ್ಯರ ನಿರುಕ್ತದ ಮತ.) ಎಳೆಗಳು ಎರಡು ತುದಿಗಳಿಂದಲೂ ಹೊರಟು, ವರ್ಣತಂತುಗಳನ್ನು ಹಿಡಿದು, ಇಬ್ಬಗೆಯಾಗಿ ಸೆಳೆಯುವುವು.

ಜರ್ಮನಿಯ ವಾಲ್ಟರ್ ಫ್ಲೆಮಿಂಗರು 1882ರಲ್ಲಿಯೇ ಕೋಶವಿಭಜನೆಯನ್ನು ಸವಿಸ್ತಾರವಾಗಿ ವರ್ಣಿಸಿದ್ದರು. ಆದರೆ ಎಳೆಗಳು ಸ್ಪಷ್ಟವಾಗಿ ಕಾಣುತ್ತಿದ್ದುದು ಔಷಧದಿಂದ ಕೊಂದು ಬಣ್ಣ ಹಾಕಿದ ಕೋಶಗಳಲ್ಲಿ. ಹುಳಿ ಹಿಂಡಿದ ಹಾಲಿನಲ್ಲಿ ಗರಣೆ ಕಂಡಿತೆಂದು ಹಸಿಹಾಲಿನಲ್ಲಿಯೂ ಗರಣೆಯುಂಟೆನ್ನಬಹುದೆ? ಎಳೆಗಳೂ ಹಾಗೆಯೇ ಔಷಧದ ಸೃಷ್ಟಿಯಿರಬಹುದೆಂದು ಕೆಲವು ಪಂಡಿತರು ದೀರ್ಘಕಾಲ ಸಂಶಯಪಟ್ಟರು. ಇದು ಯೋಗ್ಯವಾದ ಸಂಶಯವೇ.

ಅದನ್ನು ನೀಗಿಸಿದವರು ಜಪಾನೀ ವಿಜ್ಞಾನಿ ಶಿನ್ಯಾ ಇನೊಯೆ. ಒಂದೇ ದಿಕ್ಕಿಗೆ ಕಂಪಿಸುವಂತೆ ಸೋಸಿದ ಬೆಳಕಿನಲ್ಲಿ ನೋಡುವ ಸೂಕ್ಷ್ಮದರ್ಶಕವನ್ನು ಅವರು ತಾವೇ ಸಜ್ಜುಗೊಳಿಸಿ, 1952-53ರ ಸುಮಾರಿಗೆ ಸಮುದ್ರದ ಹುಳುವೊಂದರ ಜೀವಂತ ಅಂಡದಲ್ಲಿಯೇ ಎಳೆಗಳನ್ನು ತೋರಿಸಿದರು. ಅಂಡವನ್ನು ತಣ್ಣಗೆ ಮಾಡಿದರೆ ಕದಿರು ಕ್ಷಣಗಳಲ್ಲಿ ಮಾಯವಾಯಿತು. ಮತ್ತೆ ಬೆಚ್ಚಗೆ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಪುನಃ ಮೂಡಿತು! ಕದಿರು ಶಾಶ್ವತವಾಗಿ ಹೆಣೆದಿಟ್ಟ ಬಲೆಯಲ್ಲ, ಬಿಡಿಕಣಗಳು ಸದಾ ಕೂಡುತ್ತ ಕಳಚುತ್ತ ಇರುವ ವ್ಯವಸ್ಥೆಯೆಂಬುದು ಹೀಗೆ ತಿಳಿಯಿತು.

ಆ ಕಣಗಳು ಟ್ಯೂಬುಲಿನ್ ಎಂಬ ಪ್ರೋಟೀನಿನವು. ಅವು ಸಾಲುಗೂಡಿ ಆಗುವ ನಾಳದ ದಪ್ಪವು ಮಿಲಿಮೀಟರಿನ 40,000ದಲ್ಲೊಂದು ಪಾಲು. ಇಂತಹ ನಾಳಗಳ ಕಂತೆಯೇ ಕದಿರೆಳೆ. ಅಮೇರಿಕದ ರಿಚರ್ಡ್ ವೈಸೆನ್‌ಬರ್ಗರು 1972ರಲ್ಲಿ ಮೆದುಳಿನಿಂದ ತೆಗೆದ ಟ್ಯೂಬುಲಿನ್ ಕೋಶದ ಹೊರಗೂ ನಾಳವಾಗುವುದೆಂದು ತೋರಿಸಿದರು. 37 ಡಿಗ್ರಿ ಸೆಲ್ಸಿಯಸಿನಲ್ಲಿ ಕಟ್ಟಿಕೊಂಡ ನಾಳಗಳು ಮಂಜುಗಡ್ಡೆಯ ತಂಪಿನಲ್ಲಿ ಕಳಚಿಹೋಗುವುವು.

ತುಪ್ಪವು ಚಳಿಗೆ ಹೆಪ್ಪುಗಟ್ಟಿ ಕಾವಿಗೆ ಕರಗುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಕದಿರೆಳೆಯ ರೀತಿ ಇದಕ್ಕೆ ತಲೆಕೆಳಗು. ಕಾರಣವು ನೀರಿನಲ್ಲಿದೆ. ಬಿಡಿಕಣದ ಮೈಗೆ ನೀರಿನ ಅಣುಗಳು ಶಿಸ್ತಾಗಿ ಸಾಲುಗಟ್ಟಿ ಕವಿದಿರುವುವು. ಎರಡು ಕಣಗಳು ಕೂಡಿದಾಗ ನಡುವಣ ಆ ನೀರು ಬಿಡುಗಡೆ ಹೊಂದಿ ಮನಬಂದಂತೆ ಅಲೆಯುವುದು. ಕಾವು ಹೆಚ್ಚಿದಷ್ಟೂ ಈ ಬಿಡುಗಡೆಯ ಬಲ ಹೆಚ್ಚು. ಆದುದರಿಂದ ಕಣಗಳ ಕೂಟವೂ ಹೆಚ್ಚು. ಆದರೆ ಹೆಪ್ಪುಗಟ್ಟುವಷ್ಟು ತಣ್ಣಗಿರುವ ದಕ್ಷಿಣಧ್ರುವದ ಕಡಲಿನಲ್ಲಿ ಬಾಳುವ ಮೀನುಗಳ ಟ್ಯೂಬುಲಿನ್ ಆ ಚಳಿಯಲ್ಲಿಯೂ ನಾಳವಾಗುವುದು. ಅದರ ರಚನೆಯೇ ಸ್ವಲ್ಪ ಬೇರೆ.

ಚಳಿಯಿಲ್ಲದೆಯೇ ಕದಿರನ್ನು ಕಳಚುವ ವಿಷವೂ ಉಂಟು. ಅದು ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲಿದೆ. ಬೆಂಕಿಯ ಹೆಸರಿನ ಬಳ್ಳಿ ಮಾಡುವುದು ಚಳಿಯ ಕೆಲಸ! ಮಕ್ಕಳನ್ನು ಅದರಿಂದ ದೂರವಿಡಬೇಕು.

ಇದೆಲ್ಲವೂ ಸಂಸಾರಕ್ಕೆ ಸಂಬಂಧಿಸುವುದು ಮಾನವಾಂಡದ ವಿಷಯದಲ್ಲಿ. ಪಕ್ವವಾದ ಅಂಡವು ಕದಿರನ್ನು ಕಟ್ಟಿಕೊಂಡೇ ಪುರುಷಬೀಜಕ್ಕಾಗಿ ಕಾದು ನಿಲ್ಲುವುದು. ಗರ್ಭಿಣಿಯರಾಗಲಿ, ಮಗುವನ್ನು ಬಯಸುವವರಾಗಲಿ ತಣ್ಣೀರಿಗೆ ಹೆದರಬೇಕಾಗಿಲ್ಲ. ದೇಹವು ಒಳಗಣ ಕಾವನ್ನು ತಾನೇ ಕಾಪಾಡಿಕೊಳ್ಳುವುದು. ಅಂಡವನ್ನು ದೇಹದಿಂದ ಹೊರಗೆ ತೆಗೆದು ಬೀಜದೊಡನೆ ಕೂಡಿಸುವ ಚಿಕಿತ್ಸೆಯಲ್ಲಿಯೇ ಅಪಾಯ. ಕೊಠಡಿಯ ತಂಪಿಗೆ ಇಳಿದರೂ ಸಾಕು, ಕೆಲವೇ ನಿಮಿಷಗಳಲ್ಲಿ ಕದಿರು ಕುಗ್ಗತೊಡಗುವುದು. ಮತ್ತೆ ಬೆಚ್ಚಗೆ ಮಾಡಿದರೂ, ಹುಳುವಿನ ಅಂಡದಲ್ಲಿ ಆದಂತೆ, ಅದು ಮೊದಲಿನ ಹಾಗೆಯೇ ಕಟ್ಟಿಕೊಳ್ಳುವುದೆಂಬ ಭರವಸೆಯಿಲ್ಲ, ತಂತುಗಳು ದಾರಿತಪ್ಪಬಹುದು. ಎಷ್ಟೋ ವರ್ಷ ಹಂಬಲಿಸಿ ಸಾಲಮಾಡಿ ಬಂದ ದಂಪತಿಗಳಿಗೆ ಅಲ್ಲಿನ ಕಾವುಪೆಟ್ಟಿಗೆಗಳು ಆಡಂಬರವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಅಂಡವನ್ನಿಡುವ ತಟ್ಟೆ, ಅದರ ದ್ರವ, ಸೂಕ್ಷ್ಮದರ್ಶಕದ ಪೀಠ, ಇವೆಲ್ಲವನ್ನೂ ಮೊದಲೇ ಬೆಚ್ಚಗೆ ಮಾಡಿ 37 ಡಿಗ್ರಿಯ ಸಮೀಪದಲ್ಲಿಡುವುದು ಆ ಕದಿರಿಗಾಗಿ.