ವಸ್ತು ಕೈಸೇರಿದ ಮೇಲೆ ಹಣ

ಅಂಗಡಿಯವನ ಮುಖ ನೋಡಿ ವ್ಯಾಪಾರ ಮಾಡುವುದು ನಮ್ಮ ಹಿರಿಯರ ರೂಢಿ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್‌ಗೆ ಮುಖವೇ ಇರಲಿಲ್ಲ. ಕಾಣದವರಿಗೆ ಮುಂಗಡ ಹಣ ತೆರಲು ನಾವು ಹಿಂಜರಿದೆವು. ಅದರಲ್ಲಿ ತಪ್ಪೇನೂ ಇರಲಿಲ್ಲವೆನ್ನಿ. 2010ರಲ್ಲಿ ಆ ಸಂಸ್ಥೆ, ವಸ್ತು ಮನೆಬಾಗಿಲಿಗೆ ಬಂದ ಮೇಲೆ ಹಣ ಕೊಡುವ ಏರ್ಪಾಡು ಮಾಡಿತು. ನಷ್ಟದ ಭಯವನ್ನು ಮಾರುವವನೇ ಹೊತ್ತನು, ಗಿರಾಕಿಗಳು ಬಂದರು.

2016ರಲ್ಲಿ ಯುಪಿಐ ಬಂದಿತು. ಈಗ ಹಣ ಕ್ಷಣಮಾತ್ರದಲ್ಲಿ ಸಂದಾಯವಾಗುತ್ತದೆ. ವಂಚಕನಿಗೂ ಅದೇ ಅನುಕೂಲ. 'ನಿಮಗೆ ಹಣ ಬರಬೇಕಿದೆ, ಪಿನ್ ಒತ್ತಿರಿ' ಎಂದು ಕರೆ ಬರುತ್ತದೆ. ಹಣ ಪಡೆಯಲು ಪಿನ್ ಬೇಕಿಲ್ಲ. ಅಂಥ ಕರೆಗೆ ಮಣಿದು ಒತ್ತಿದರೆ ಹೋಗುವುದು ನಮ್ಮದೇ ಹಣ. ಒಮ್ಮೆ ಮೋಸಹೋದ ಮನೆ, ಫೋನಿನಲ್ಲಿ ಉಪ್ಪಿನಕಾಯಿ ಮಾರುವ ಪ್ರಾಮಾಣಿಕ ನೆರೆಯವಳನ್ನೂ ನಂಬದು. ನಾಚಿಕೆಯಿಂದ ಮುಚ್ಚಿಡದೆ, ಕೂಡಲೇ 1930ಕ್ಕೆ ಕರೆ ಮಾಡೋಣ. ಹಣವನ್ನು ದಾರಿಯಲ್ಲೇ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ.