ರಾಕೆಟ್ಟಿನ ಮೂಲ ಕೇಳೋಣ

ಋಷಿಮೂಲ, ನದಿಮೂಲ ಕೇಳಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ಅಮೆರಿಕದ ಮೊದಮೊದಲ ಬಾಹ್ಯಾಕಾಶ ರಾಕೆಟ್ಟುಗಳ ಮೂಲವನ್ನು ನಾವು ಕೇಳಲೇಬೇಕು. ಉಪಗ್ರಹಗಳನ್ನೂ ಮನುಷ್ಯರನ್ನೂ ಮೇಲಕ್ಕೊಯ್ದ ಆ ವಾಹನಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಊರುಗಳನ್ನು ಸುಡುವ ಕ್ಷಿಪಣಿಗಳಾಗಿ.

ಇವುಗಳ ಹಿರಿಯಜ್ಜ ಜರ್ಮನಿಯ ವಿ-2. ದ್ವಿತೀಯ ಮಹಾಯುದ್ಧದ ಕೊನೆಯಲ್ಲಿ ಲಂಡನ್, ಆಂಟ್‌ವರ್ಪ್ ನಗರಗಳ ಮೇಲೆ ಬಿದ್ದ ಅಸ್ತ್ರವದು. ಅದರ ಕಾರ್ಖಾನೆಯಲ್ಲಿ ದುಡಿಸಲ್ಪಟ್ಟ ಸೆರೆಯಾಳುಗಳಲ್ಲಿ ಸಾವಿರಾರು ಮಂದಿ ಪ್ರಾಣ ತೆತ್ತರು. ಅದನ್ನು ರೂಪಿಸಿದ ವರ್ನರ್ ಫಾನ್ ಬ್ರೌನ್ 1945ರಲ್ಲಿ ಅಮೆರಿಕನರಿಗೆ ಶರಣಾದರು. ಮುಂದೆ ಅಲಬಾಮಾದ ಹಂಟ್ಸ್‌ವಿಲ್ಲಿನಲ್ಲಿ ಅವರ ತಂಡ ಅಮೆರಿಕದ ಭೂಸೇನೆಗಾಗಿ ರೆಡ್‌ಸ್ಟೋನ್ ಕ್ಷಿಪಣಿಯನ್ನು ಕಟ್ಟಿತು. 1953ರ ಆಗಸ್ಟ್ 20ರಂದು ಅದು ಮೊದಲ ಬಾರಿ ಹಾರಿತು.

ಅಸ್ತ್ರವೇ ವಾಹನವಾದುದು ಹೇಗೆ? ಕಲ್ಲನ್ನು ಜೋರಾಗಿ ಎಸೆದಷ್ಟೂ ದೂರ ಹೋಗಿ ಬೀಳುತ್ತದೆ. ಕ್ಷಿಪಣಿಯದೂ ಇದೇ ಕತೆ. ಸಾಗರದಾಚೆಯ ಖಂಡಕ್ಕೆ ಬಾಂಬನ್ನು ತಲಪಿಸಲು ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗ ಬೇಕು. ವೇಗ 8 ಕಿಲೋಮೀಟರಿನ ಸಮೀಪಕ್ಕೆ ಬಂದರೆ ಬೀಳುವ ವಸ್ತುವಿಗೆ ನೆಲವೇ ಸಿಗದು. ಭೂಮಿಯ ಮೈ ಬಾಗುತ್ತಾ ಹೋಗುವುದರಿಂದ ಅದು ಸುತ್ತುತ್ತಲೇ ಇರುತ್ತದೆ. ಹೊರೆಯನ್ನು ಹಗುರಗೊಳಿಸಿ, ಮೇಲೊಂದೆರಡು ಹಂತ ಸೇರಿಸಿದರೆ ಕೆಲಸವಾಯಿತು.

ಆದರೂ ಐಸೆನ್‌ಹೋವರ್ ಸರಕಾರ ದೇಶದ ಪ್ರಥಮ ಉಪಗ್ರಹಕ್ಕೆ ಸೇನೆಯ ಕ್ಷಿಪಣಿಯನ್ನು ಆರಿಸಲಿಲ್ಲ. ಸಂಶೋಧನಾ ರಾಕೆಟ್ಟಿನಿಂದ ಬೆಳೆಸಿದ ವ್ಯಾನ್‌ಗಾರ್ಡ್‌ಗೆ ಆ ಹೊಣೆ ಬಂತು. 1956ರ ಸೆಪ್ಟೆಂಬರಿನಲ್ಲಿ ರೆಡ್‌ಸ್ಟೋನಿನ ಸುಧಾರಿತ ರೂಪವಾದ ಜುಪಿಟರ್-ಸಿ ಸಾವಿರ ಕಿಲೋಮೀಟರಿಗೂ ಮೇಲೆ ಏರಿತು. ಅದರ ನಾಲ್ಕನೆಯ ಹಂತ ಮಾತ್ರ ಉರಿಯದ ಬರಿಯ ಭಾರವಾಗಿತ್ತು. 1957ರ ಅಕ್ಟೋಬರ್ 4ರಂದು ರಷ್ಯನರ ಸ್ಪುಟ್ನಿಕ್ ಹಾರಿತು. ಡಿಸೆಂಬರ್ 6ರಂದು ವ್ಯಾನ್‌ಗಾರ್ಡ್ ಒಂದು ಮೀಟರಿನಷ್ಟು ಎದ್ದು, ಕುಸಿದು, ಬೂದಿಯಾಯಿತು. ಈಗ ಸೇನೆಯ ರಾಕೆಟ್ಟೇ ಗತಿಯಾಯಿತು. 1958ರ ಜನವರಿ 31ರಂದು ಅದು 14 ಕಿಲೋಗ್ರಾಂ ತೂಕದ ಎಕ್ಸ್‌ಪ್ಲೋರರ್-1ನ್ನು ಕಕ್ಷೆಗೇರಿಸಿತು. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಯ ಸುಳಿವು ಸಿಕ್ಕಿದ್ದು ಆ ಪುಟ್ಟ ಉಪಗ್ರಹದಿಂದ.

ಬಳಿಕ ಸಾಲುಸಾಲಾಗಿ ಕ್ಷಿಪಣಿಗಳು ವೇಷ ಬದಲಿಸಿದುವು. 1961ರ ಮೇ 5ರಂದು ಅಲನ್ ಶೆಪರ್ಡರನ್ನು ರೆಡ್‌ಸ್ಟೋನ್ ಅಂತರಿಕ್ಷದಂಚಿಗೆ ಒಯ್ದಿತು. 1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ನರನ್ನು ಭೂಮಿಗೆ ಸುತ್ತು ಹಾಕಿಸಿದ್ದು ಅಟ್ಲಾಸ್. ಅದರ ಉಕ್ಕಿನ ತಗಡು ಎಷ್ಟು ತೆಳುವೆಂದರೆ, ಒಳಗಿನ ಒತ್ತಡವಿಲ್ಲದಿದ್ದರೆ ತನ್ನ ಭಾರಕ್ಕೇ ಕುಸಿಯುವಂತಿತ್ತು. 1965 ಮತ್ತು 66ರಲ್ಲಿ ಜೆಮಿನಿ ಗಗನಯಾತ್ರಿಗಳನ್ನು ಹೊತ್ತದ್ದು ಟೈಟಾನ್-2.

ಇನ್ನೊಂದು ಕ್ಷಿಪಣಿಯ ಋಣ ನಮಗೂ ಇದೆ. ಥಾರ್ ಎಂಬುದು 1959ರಿಂದ 1963ರ ವರೆಗೆ ಅಣ್ವಸ್ತ್ರ ಹೊತ್ತು ಇಂಗ್ಲೆಂಡಿನಲ್ಲಿ ಕಾವಲು ನಿಂತಿತ್ತು. ಅದನ್ನೇ ಆಧಾರವಾಗಿಟ್ಟು ಬೆಳೆಸಿದ್ದು ಡೆಲ್ಟಾ ರಾಕೆಟ್. 1982ರ ಏಪ್ರಿಲ್ 10ರಂದು ನಮ್ಮ ಇನ್ಸಾಟ್-1ಎ ಉಪಗ್ರಹ ಅಮೆರಿಕದಿಂದ ಮೇಲೇರಿದ್ದು ಡೆಲ್ಟಾದ ಹೆಗಲೇರಿ. ಅದು ಆ ಸೆಪ್ಟೆಂಬರಿನಲ್ಲೇ ಕೆಟ್ಟಿತು. ಆದರೆ 1990ರ ಜೂನಿನಲ್ಲಿ ಮತ್ತೊಂದು ಡೆಲ್ಟಾ ಒಯ್ದ ಇನ್ಸಾಟ್-1ಡಿ ಹಲವು ವರ್ಷ ದುಡಿಯಿತು. ದೂರದರ್ಶನದ ಚಿತ್ರ, ದೂರವಾಣಿಯ ಮಾತು, ಮೋಡಗಳ ಫೋಟೋ ಅದರ ಮೂಲಕ ನಮ್ಮಂಥವರ ಮನೆಗಳಿಗೂ ಬಂದುವು.

ಬಾಂಬನ್ನು ಹೊರಲೆಂದು ಹುಟ್ಟಿದ ಯಂತ್ರ ಮಳೆಯ ಮುನ್ಸೂಚನೆಗೂ ನೆರವಾಯಿತು. ಯಂತ್ರಕ್ಕೆ ಇವೆರಡರ ಭೇದ ತಿಳಿಯದು. ಅದರ ತುದಿಯಲ್ಲಿ ಏನಿಡಬೇಕೆಂದು ತೀರ್ಮಾನಿಸುವವರು ಮನುಷ್ಯರು. ಮೂಲವನ್ನು ಕೇಳಬೇಕಾದುದು ಇದನ್ನು ಮರೆಯದಿರಲಿಕ್ಕಾಗಿ.